ವೆನಿಸ್‌ನಲ್ಲಿ ಒಂಟಿವಾಸದ ಲೆಕ್ಕ

ದುಬಾರಿ ಪ್ರವಾಸಿ ನಗರವೊಂದರಲ್ಲಿ ನಾಲ್ಕು ದಿನ ಇದ್ದು ಬರುವವರ ಖರ್ಚನ್ನು ಹದಿನೈದರಿಂದ ಗುಣಿಸಿದರೆ, ಅಲ್ಲಿಯೇ ಒಬ್ಬರೇ ಎರಡು ತಿಂಗಳು ಬಾಳಬೇಕಾದವರ ಖರ್ಚು ಸಿಕ್ಕೀತೇ ಎಂಬುದು ಈ ಸಂವಾದದ ವಿಷಯ. ಉದಾಹರಣೆಗೆ ಆರಿಸಿಕೊಂಡಿರುವುದು ಇಟಲಿಯ ವೆನಿಸ್. ಕರ್ನಾಟಕದಿಂದ ಹೊರಟ ಸಂಶೋಧಕರೊಬ್ಬರು ಅಲ್ಲಿನ ಫ್ರಾರಿ ಚರ್ಚಿಗೆ ಹೊಂದಿಕೊಂಡಿರುವ ಸರ್ಕಾರಿ ಪತ್ರಾಗಾರದಲ್ಲಿ ಹಳೆಯ ದಾಖಲೆಗಳನ್ನು ಓದಲು 60 ದಿನ ತಂಗುತ್ತಾರೆ, ಅವರ ಹಿಂದೆ ಸಂಸ್ಥೆಯ ಅನುದಾನವೇನೂ ಇಲ್ಲ, ಇರುವುದು ಸ್ವಂತ ಉಳಿತಾಯ ಮಾತ್ರ ಎಂಬ ಕಲ್ಪಿತ ಸನ್ನಿವೇಶವನ್ನು ಚರ್ಚೆಗೆ ಕುಳಿತ ಇಬ್ಬರೂ ಒಪ್ಪಿಕೊಂಡಿದ್ದಾರೆ. ಇಬ್ಬರಲ್ಲಿ ಒಬ್ಬರು ಲೆಕ್ಕ ಹಾಕುವವರು, ಇನ್ನೊಬ್ಬರು ಆ ಲೆಕ್ಕವನ್ನು ನಂಬದವರು; ಆದುದರಿಂದ ಅವರನ್ನು ಲೆಕ್ಕಿಗ ಮತ್ತು ಆಕ್ಷೇಪಕ ಎಂದು ಕರೆದರೆ ಸಾಕು.

ಆಕ್ಷೇಪಕ: ಇದರಲ್ಲಿ ಚರ್ಚಿಸುವುದಕ್ಕೆ ಏನಿದೆ ಎಂಬುದೇ ಮೊದಲ ಪ್ರಶ್ನೆ. ಒಂದು ದಿನಕ್ಕೆ ಕೋಣೆ ಇಷ್ಟು, ಊಟ ಇಷ್ಟು, ಓಡಾಟ ಇಷ್ಟು ಎಂದು ಕೂಡಿಸಿ, ಬಂದ ಮೊತ್ತವನ್ನು ಅರವತ್ತರಿಂದ ಗುಣಿಸಿದರೆ ಉತ್ತರ ಸಿಗುತ್ತದೆ, ಮತ್ತು ಆ ಉತ್ತರವನ್ನು ನೋಡಿದ ಮಧ್ಯಮ ವರ್ಗದ ಯಾರೇ ಆಗಲಿ ವೆನಿಸ್ಸಿನ ಬದಲು ಆ ದಾಖಲೆಗಳ ಛಾಯಾಪ್ರತಿ ತರಿಸಿಕೊಳ್ಳುವುದೇ ಮೇಲೆಂದು ತೀರ್ಮಾನಿಸುತ್ತಾರೆ.

ಲೆಕ್ಕಿಗ: ಹಾಗೆ ಗುಣಿಸುವುದನ್ನು ಇಟಲಿಯ ಸರ್ಕಾರವೇ ಒಪ್ಪುವುದಿಲ್ಲ. ವೀಸಾ ಕೇಳುವ ವಿದೇಶಿಯರ ಬಳಿ ಕನಿಷ್ಠ ಎಷ್ಟು ಹಣವಿರಬೇಕು ಎಂಬುದಕ್ಕೆ ಅಲ್ಲಿನ ಒಳಾಡಳಿತ ಸಚಿವಾಲಯ 2000ದ ಮಾರ್ಚ್ 1ರ ನಿರ್ದೇಶನದಲ್ಲಿ ಒಂದು ಪಟ್ಟಿಯನ್ನು ಕೊಟ್ಟಿದೆ. ಅದರಂತೆ ಐದು ದಿನದೊಳಗಿನ ಒಂಟಿ ಪ್ರವಾಸಿಗೆ ಒಟ್ಟು 269.60 ಯೂರೋ ಬೇಕು, ಎಂದರೆ ಐದೂ ದಿನ ಇದ್ದವರಿಗೆ ದಿನಕ್ಕೆ ಸುಮಾರು 54. ಇಪ್ಪತ್ತು ದಿನ ದಾಟಿದ ಒಂಟಿ ಪ್ರವಾಸಿಗಾದರೋ 206.58 ಯೂರೋ ಇಡಿಗಂಟು, ಅದರ ಮೇಲೆ ದಿನಕ್ಕೆ 27.89. ಈ ಲೆಕ್ಕದಲ್ಲಿ 60 ದಿನಕ್ಕೆ ಬರುವುದು 1,879.98 ಯೂರೋ, ಅಂದರೆ ದಿನಕ್ಕೆ 31 ಚಿಲ್ಲರೆ. ಇರುವ ದಿನ ಹೆಚ್ಚಿದಂತೆ ದಿನದ ಖರ್ಚು ಇಳಿಯುತ್ತದೆ ಎಂಬುದು ಆ ಪಟ್ಟಿಯ ಮೊದಲ ತತ್ತ್ವ.

ಆಕ್ಷೇಪಕ: ಆದರೆ ಆ ಪಟ್ಟಿ ಯಾವ ಕಾಲದ್ದು! ವೆನಿಸ್ಸಿನ ಕಾಲುವೆಗಳಲ್ಲಿ ಬಸ್ಸಿನಂತೆ ಓಡಾಡುವ ವಪೊರೆತ್ತೊ ಎಂಬ ಸಾರ್ವಜನಿಕ ದೋಣಿಯ ಒಂದು ಟಿಕೆಟ್ಟಿಗೆ, ಅದೂ 75 ನಿಮಿಷ ಮಾತ್ರ ನಡೆಯುವ ಟಿಕೆಟ್ಟಿಗೆ, 9.50 ಯೂರೋ. ಮೂರು ಸಲ ದೋಣಿ ಹತ್ತಿದರೆ 28.50 ಆಯಿತು, ಸರ್ಕಾರ ಒಂದು ದಿನದ ಬಾಳ್ವೆಗೆಂದು ಎಣಿಸಿದ ಹಣ ಅಲ್ಲಿಗೇ ಮುಗಿದು, ಮೇಲೆ 61 ಸೆಂಟಿನ ಸಾಲವೂ ಉಳಿಯಿತು.

ಲೆಕ್ಕಿಗ: ಆ ಮಾತನ್ನು ಒಪ್ಪಲೇಬೇಕು. 206.58, 27.89 ಎಂಬ ವಿಚಿತ್ರ ಅಂಕಿಗಳು ಹುಟ್ಟಿದ್ದೇ ಹಳೆಯ ನಾಣ್ಯದಲ್ಲಿ. ಒಂದು ಯೂರೋಗೆ 1,936.27 ಲೀರಾ ಎಂಬ ನಿಗದಿಯಾದ ದರದಿಂದ ಹಿಂದಕ್ಕೆ ತಿರುಗಿಸಿದರೆ ಅವು 4 ಲಕ್ಷ ಲೀರಾ, 54 ಸಾವಿರ ಲೀರಾ ಎಂಬ ದುಂಡು ಸಂಖ್ಯೆಗಳಾಗುತ್ತವೆ. ಹೀಗಾಗಿ ಆ ಪಟ್ಟಿಯ ಮೊತ್ತವನ್ನು ಯಾರೂ ನಂಬಬೇಕಾಗಿಲ್ಲ, ವೀಸಾ ಅರ್ಜಿಯ ಜೊತೆ ಅದಕ್ಕಿಂತ ಎಷ್ಟೋ ಹೆಚ್ಚಿನ ಹಣವನ್ನು ತೋರಿಸುವುದೇ ಕ್ಷೇಮ. ಆದರೆ ಮೊತ್ತ ಹಳತಾದರೂ ಪಟ್ಟಿಯ ಕಟ್ಟು ಸರಿಯಾಗಿದೆ. ಅದರಲ್ಲಿ ಇಡಿಗಂಟು ಬೇರೆ, ದಿನದ ದರ ಬೇರೆ. ಅರ್ಥಶಾಸ್ತ್ರದವರು ಇವನ್ನು ಸ್ಥಿರ ವೆಚ್ಚ, ಚರ ವೆಚ್ಚ ಎನ್ನುತ್ತಾರೆ: ದಿನಗಳು ಎಷ್ಟೇ ಆಗಲಿ ಒಮ್ಮೆ ಮಾತ್ರ ತೆರಬೇಕಾದದ್ದು ಸ್ಥಿರ, ದಿನದ ಜೊತೆ ಬೆಳೆಯುವುದು ಚರ. ವಿಮಾನದ ಟಿಕೆಟ್ಟು, 90 ಯೂರೋ ವೀಸಾ ಶುಲ್ಕ, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯ ಕಂತು, ಕೋಣೆ ಕೊಡಿಸಿದ ದಲ್ಲಾಳಿಯ ಕಮಿಷನ್ನು, ಇವೆಲ್ಲ ಬಹುಮಟ್ಟಿಗೆ ಮೊದಲನೆಯ ಜಾತಿಯವು.

ಆಕ್ಷೇಪಕ: ಅದೇ ಪಟ್ಟಿಯಲ್ಲಿ ಇಬ್ಬರು ಜೊತೆಯಾಗಿ ಹೋದರೆ ತಲೆಗೆ ಎಷ್ಟು ಎಂದೂ ಇರಬೇಕಲ್ಲವೇ?

ಲೆಕ್ಕಿಗ: ಇದೆ, ಮತ್ತು ಒಂಟಿವಾಸದ ಕಷ್ಟವೆಲ್ಲ ಆ ಅಂಕಣದಲ್ಲಿಯೇ ಅಡಗಿದೆ. ಇಪ್ಪತ್ತು ದಿನ ಮೀರಿ ಇಬ್ಬರಾಗಿ ಇರುವವರಿಗೆ ತಲಾ 118.79 ಇಡಿಗಂಟು, ದಿನಕ್ಕೆ 17.04, ಅರವತ್ತು ದಿನಕ್ಕೆ ತಲಾ 1,141.19. ಒಬ್ಬರೇ ಹೋದವರಿಗೆ ಇದರ ಸುಮಾರು 1.65 ಪಟ್ಟು ಖರ್ಚು ಬರುತ್ತದೆಂದು ಸರ್ಕಾರವೇ ಬರೆದುಕೊಟ್ಟಿದೆ. ಕೋಣೆಯ ಗೋಡೆ, ಹಂಡೆಯ ಬಿಸಿನೀರು, ಒಲೆಯ ಅನಿಲ ಇವು ಒಬ್ಬರಿದ್ದರೂ ಇಬ್ಬರಿದ್ದರೂ ಹೆಚ್ಚುಕಡಿಮೆ ಅಷ್ಟೇ. ವೆನಿಸ್ಸಿನ ಗೊಂಡೊಲ ಈ ನಿಯಮದ ವಿಪರೀತ ರೂಪ. ಹಗಲಿನಲ್ಲಿ ಅರ್ಧ ಗಂಟೆಗೆ 90 ಯೂರೋ ಎಂಬ ಅದರ ಅಧಿಕೃತ ದರ ದೋಣಿಗೇ ಹೊರತು ತಲೆಗಲ್ಲ; ಐವರು ಕೂತರೆ ತಲಾ 18, ಒಬ್ಬರು ಕೂತರೆ 90. ಈ ಹೆಚ್ಚುವರಿಯನ್ನು ಒಂಟಿ ತೆರಿಗೆ ಎಂದು ಕರೆಯಬಹುದು, ಅದನ್ನು ಯಾವ ಸರ್ಕಾರವೂ ವಿಧಿಸಿಲ್ಲವಾದರೂ.

ಆಕ್ಷೇಪಕ: ಗೊಂಡೊಲ ಹತ್ತದಿದ್ದರೆ ಆ ತೆರಿಗೆ ಇಲ್ಲ, ಆದರೆ ಕಾಲುವೆ ದಾಟದೆ ಇರಲಾಗುವುದೇ? ನಾಲ್ಕುನೂರಕ್ಕೂ ಹೆಚ್ಚು ಸೇತುವೆಗಳ ಊರಿನಲ್ಲಿ ಮುಖ್ಯ ಕಾಲುವೆಯ ಮೇಲೆ ಇರುವುದು ನಾಲ್ಕೇ ಸೇತುವೆ.

ಲೆಕ್ಕಿಗ: ಅದಕ್ಕೆ ತ್ರಗೆತ್ತೊ ಇದೆ. ಇಬ್ಬರು ಅಂಬಿಗರು ಹುಟ್ಟು ಹಾಕುವ, ಅಲಂಕಾರವಿಲ್ಲದ ದೊಡ್ಡ ಗೊಂಡೊಲ ಅದು. ಸಾಂತಾ ಸೋಫಿಯಾ ಕಟ್ಟೆಯಿಂದ ಎದುರು ದಡದ ರಿಯಾಲ್ತೊ ಮೀನು ಮಾರುಕಟ್ಟೆಗೆ ಒಂದೆರಡು ನಿಮಿಷದಲ್ಲಿ ದಾಟಿಸುತ್ತದೆ. ಹೊರಗಿನವರಿಗೆ 2 ಯೂರೋ, ಊರವರಿಗೆ 70 ಸೆಂಟು. ಈ ಎರಡು ದರಗಳನ್ನು ಗಮನಿಸಬೇಕು, ಏಕೆಂದರೆ ದೀರ್ಘವಾಸದ ಲೆಕ್ಕವೆಲ್ಲ ನಿಂತಿರುವುದು ಇವುಗಳ ಮೇಲೆಯೇ. ಪ್ರವಾಸಿ ನಗರದಲ್ಲಿ ಒಂದೇ ವಸ್ತುವಿಗೆ ಎರಡು ಬೆಲೆಪಟ್ಟಿಗಳಿರುತ್ತವೆ: ಒಂದು ನಾಳೆ ಹೊರಟುಹೋಗುವವರಿಗೆ, ಇನ್ನೊಂದು ನಾಳೆಯೂ ಬರುವವರಿಗೆ. ನಾಲ್ಕು ದಿನದವರಿಗೆ ಎರಡನೆಯ ಪಟ್ಟಿ ಇದೆಯೆಂದು ತಿಳಿಯುವಷ್ಟರಲ್ಲಿ ಹೊರಡುವ ಹೊತ್ತಾಗಿರುತ್ತದೆ. ಅರವತ್ತು ದಿನದವರು ಮೊದಲನೆಯ ವಾರದಲ್ಲಿಯೇ ಒಂದರಿಂದ ಇನ್ನೊಂದಕ್ಕೆ ದಾಟಿಕೊಳ್ಳಬೇಕು, ಅವರ ಉಳಿತಾಯವೆಂಬುದು ಬಹುಪಾಲು ಆ ದಾಟುವಿಕೆಯಿಂದಲೇ ಬರುವುದು. ವಪೊರೆತ್ತೊ ವಿಷಯವೂ ಹಾಗೆಯೇ. ಏಳು ದಿನದ ಪ್ರವಾಸಿ ಪಾಸಿಗೆ 65 ಯೂರೋ. ಎರಡು ತಿಂಗಳಿಗೆ ಇಂಥ ಪಾಸುಗಳನ್ನೇ ಕೊಳ್ಳುತ್ತ ಹೋದರೆ ಐನೂರು ದಾಟುತ್ತದೆ. ಅದರ ಬದಲು ವೆನೇಜಿಯಾ ಊನಿಕಾ ಎಂಬ ಚಂದಾದಾರರ ಕಾರ್ಡನ್ನು ಮಾಡಿಸಿಕೊಂಡರೆ, ಹೊರಗಿನವರಿಗೆ ನೂರು ಯೂರೋ ಆಸುಪಾಸಿನ ಶುಲ್ಕ ಬೀಳುತ್ತದೆ, ಆಮೇಲೆ ಒಂದು ಸವಾರಿಗೆ ಒಂದೂವರೆ ಯೂರೋ ಸುಮಾರು. ಸವಾರಿಗೆ ಎಂಟು ಯೂರೋ ಉಳಿಯುವುದರಿಂದ ಹದಿಮೂರನೆಯ ಸವಾರಿಗೆ ಶುಲ್ಕ ಹುಟ್ಟಿಬಿಡುತ್ತದೆ. ರಾತ್ರಿವಾಸದ ತೆರಿಗೆಯೂ ಸತತ ವಾಸದ ಮೊದಲ ಐದು ರಾತ್ರಿಗಳಿಗೆ ಮಾತ್ರ, ಆರನೆಯ ರಾತ್ರಿಯಿಂದ ಇಲ್ಲ; 2024ರಲ್ಲಿ 5 ಯೂರೋ ಎಂದು ಶುರುವಾದ ಪ್ರವೇಶ ಶುಲ್ಕ ನಿಗದಿತ ದಿನಗಳಲ್ಲಿ ಬಂದು ಸಂಜೆಗೆ ಹಿಂತಿರುಗುವವರಿಗೇ ಹೊರತು ಊರಲ್ಲಿ ಮಲಗುವವರಿಗಲ್ಲ.

ಆಕ್ಷೇಪಕ: ದೋಣಿ, ತೆರಿಗೆ ಇವೆಲ್ಲ ಚಿಲ್ಲರೆ ಬಾಬತ್ತು. ಹಣವನ್ನು ನುಂಗುವುದು ಕೋಣೆ, ಅದಕ್ಕೆ ಎರಡನೆಯ ಬೆಲೆಪಟ್ಟಿ ಎಲ್ಲಿದೆ?

ಲೆಕ್ಕಿಗ: ಅದಕ್ಕೂ ಇದೆ, ಅದು ಮೆಟ್ಟಿಲು ಮೆಟ್ಟಿಲಾಗಿದೆ. ಮನೆಗಳನ್ನು ದಿನಬಾಡಿಗೆಗೆ ಕೊಡಿಸುವ ಜಾಲತಾಣಗಳಲ್ಲಿ ಮಾಲೀಕರು ಸಾಮಾನ್ಯವಾಗಿ ಏಳನೆಯ ರಾತ್ರಿಗೆ ಒಂದು, ಇಪ್ಪತ್ತೆಂಟನೆಯ ರಾತ್ರಿಗೆ ಇನ್ನೊಂದು ರಿಯಾಯಿತಿ ಇಟ್ಟಿರುತ್ತಾರೆ. ರಾತ್ರಿಗೆ 100 ಯೂರೋ ಬಾಡಿಗೆಯ ಮನೆಗೆ ತಿಂಗಳ ರಿಯಾಯಿತಿ ನೂರಕ್ಕೆ ಮೂವತ್ತು ಎಂದಿಟ್ಟುಕೊಂಡರೆ, 28 ರಾತ್ರಿಗೆ ಆಗುವುದು 1,960 ಯೂರೋ. ರಿಯಾಯಿತಿಯಿಲ್ಲದ 20 ರಾತ್ರಿಗೆ 2,000. ಇಪ್ಪತ್ತು ದಿನ ಇದ್ದವರು ಇಪ್ಪತ್ತೆಂಟು ದಿನ ಇದ್ದವರಿಗಿಂತ ಹೆಚ್ಚು ಕೊಟ್ಟು ಬೇಗ ಊರು ಬಿಟ್ಟಂತಾಯಿತು. ಇದು ಮೊದಲ ಮೆಟ್ಟಿಲು. ಎರಡನೆಯದು ಕಾನೂನಿನದು. ಇಟಲಿಯಲ್ಲಿ 30 ದಿನ ಮೀರದ ಬಾಡಿಗೆ ಕರಾರನ್ನು ತೆರಿಗೆ ಇಲಾಖೆಯಲ್ಲಿ ನೋಂದಾಯಿಸಬೇಕಾಗಿಲ್ಲ, ಅದರಿಂದ ಮಾಲೀಕರಿಗೆ ಅದೇ ಇಷ್ಟ. ಆದರೆ 1998ರ 431ನೆಯ ಕಾನೂನಿನ ಅಡಿಯಲ್ಲಿ ಒಂದು ತಿಂಗಳಿಂದ ಹದಿನೆಂಟು ತಿಂಗಳವರೆಗಿನ ತಾತ್ಕಾಲಿಕ ಕರಾರು ಎಂಬುದೂ ಒಂದಿದೆ, ಅಧ್ಯಯನ, ಉದ್ಯೋಗ ಮುಂತಾದ ನಿಜವಾದ ಕಾರಣವನ್ನು ಅದರಲ್ಲಿ ಬರೆದು ತೋರಿಸಬೇಕು. ಪತ್ರಾಗಾರದ ಓದು ಅಂಥ ಕಾರಣವೇ. ಇದಕ್ಕೆ ಕೋದಿಚೆ ಫಿಸ್ಕಾಲೆ ಎಂಬ ತೆರಿಗೆ ಸಂಖ್ಯೆ ಬೇಕು, ಅದನ್ನು ವಿದೇಶಿಯರಿಗೂ ಹಣವಿಲ್ಲದೆ ಕೊಡುತ್ತಾರೆ. ಇಲ್ಲಿ ಬಾಡಿಗೆಯನ್ನು ತಿಂಗಳ ಲೆಕ್ಕದಲ್ಲಿ ಕೇಳುತ್ತಾರೆಯೇ ವಿನಾ ರಾತ್ರಿಯ ಲೆಕ್ಕದಲ್ಲಲ್ಲ.

ಆಕ್ಷೇಪಕ: ಮುಂಗಡ ಠೇವಣಿ?

ಲೆಕ್ಕಿಗ: ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ. ಹತ್ತು ತಿಂಗಳ ಅಡ್ವಾನ್ಸಿಗೆ ಹೊಂದಿಕೊಂಡ ಬೆಂಗಳೂರಿನವರಿಗೆ ಇದು ಹಗುರವಾಗಿ ಕಂಡೀತು. ಆದರೂ ಎರಡು ತಿಂಗಳ ವಾಸಕ್ಕೆ ಮೂರು ತಿಂಗಳ ಠೇವಣಿ ಎಂದರೆ ಹೊರಡುವ ಮುನ್ನ ಕೈಯಲ್ಲಿ ಐದು ತಿಂಗಳ ಬಾಡಿಗೆಯಷ್ಟು ಹಣವಿರಬೇಕು. ಖರ್ಚು ಬೇರೆ, ಕೈಯಲ್ಲಿರಬೇಕಾದ ನಗದು ಬೇರೆ. ಬಜೆಟ್ಟು ಸರಿಯಾಗಿದ್ದೂ ಮೊದಲ ವಾರದಲ್ಲೇ ಹಣ ಮುಗಿಯುವುದು ಈ ಭೇದವನ್ನು ಮರೆತವರಿಗೆ. ನೆಲಮಹಡಿಯ ಕೋಣೆ ಅಗ್ಗವೆಂದು ಹಿಡಿಯುವವರು ಇನ್ನೊಂದನ್ನೂ ನೋಡಬೇಕು. ಸಮುದ್ರದ ಉಬ್ಬರ ಊರಿನೊಳಗೆ ನುಗ್ಗುವುದನ್ನು ಅಲ್ಲಿ ಆಕ್ವಾ ಆಲ್ತಾ ಎನ್ನುತ್ತಾರೆ, 2019ರ ನವೆಂಬರ್ 12ರಂದು ಅದು 187 ಸೆಂಟಿಮೀಟರ್ ಮುಟ್ಟಿತ್ತು. 2020ರ ಅಕ್ಟೋಬರಿನಿಂದ ಮೋಸೆ ಎಂಬ ಚಲಿಸುವ ತಡೆಗೋಡೆ ದೊಡ್ಡ ಉಬ್ಬರಗಳನ್ನು ತಡೆಯುತ್ತಿದೆಯಾದರೂ ಗೋಡೆಗೆ ಏರಿದ ಉಪ್ಪಿನ ತೇವವನ್ನು ಅದು ಇಳಿಸಲಾರದು. ಅಂಥ ಕೋಣೆಯ ಬಾಡಿಗೆಯಲ್ಲಿ ಉಳಿದದ್ದು ಚಳಿಗಾಲದ ಹೀಟರಿನ ಬಿಲ್ಲಿಗೆ ಹೋಗುತ್ತದೆ.

ಆಕ್ಷೇಪಕ: ಇಷ್ಟೆಲ್ಲ ಒದ್ದಾಡುವ ಬದಲು ಸೇತುವೆಯಾಚೆ ಮೆಸ್ತ್ರೆಯಲ್ಲಿ ಇರಬಾರದೇ? ಅದೂ ವೆನಿಸ್ ನಗರಸಭೆಗೇ ಸೇರಿದ ಊರು, ಆದರೆ ಭೂಮಿಯ ಮೇಲಿನ ಸಾಧಾರಣ ಊರು, ಬಾಡಿಗೆಯೂ ಸಾಧಾರಣ.

ಲೆಕ್ಕಿಗ: ಸಂಜೆಯ ವೆನಿಸ್ಸನ್ನು ನೋಡಬೇಕೆಂದು ಬಂದವರಿಗೆ ಅದು ತಪ್ಪು ಉಳಿತಾಯ ಎಂದು ಹೇಳುವುದು ವಾಡಿಕೆ.

ಆಕ್ಷೇಪಕ: ಚರ್ಚೆಯ ಸಂಶೋಧಕರು ಬಂದಿರುವುದು ಸಂಜೆಯನ್ನು ನೋಡುವುದಕ್ಕಲ್ಲ, ದಾಖಲೆ ಓದುವುದಕ್ಕೆ. ಮೆಸ್ತ್ರೆಯಿಂದ ಸಾಂತಾ ಲುಚೀಯಾ ನಿಲ್ದಾಣಕ್ಕೆ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ, ಟಿಕೆಟ್ಟು ಒಂದೂವರೆ ಯೂರೋ ಆಸುಪಾಸು. ಅಲ್ಲಿಂದ ಫ್ರಾರಿಗೆ ನಡೆದರೆ ಕಾಲು ಗಂಟೆ. ದೋಣಿಯೇ ಬೇಡ, ಆದುದರಿಂದ ಆ ನೂರು ಯೂರೋ ಕಾರ್ಡೂ ಬೇಡ. ಬೆಂಗಳೂರಿನಲ್ಲಿ ಮಹದೇವಪುರದಿಂದ ಮೆಜೆಸ್ಟಿಕ್ಕಿಗೆ ಬರುವಷ್ಟು ಹೊತ್ತೂ ಹಿಡಿಯುವುದಿಲ್ಲ.

ಲೆಕ್ಕಿಗರು ಈ ವಾದಕ್ಕೆ ಪ್ರತಿವಾದ ಹೂಡದೆ, ತಮ್ಮ ಕೋಷ್ಟಕದಲ್ಲಿ ದ್ವೀಪದ ಕೋಣೆ ಎಂಬ ಸಾಲಿನ ಪಕ್ಕದಲ್ಲಿ ಮೆಸ್ತ್ರೆ ಎಂಬ ಇನ್ನೊಂದು ಸಾಲನ್ನು ಸೇರಿಸಿಕೊಂಡು ಊಟದ ವಿಷಯಕ್ಕೆ ಹೋದರು. ಯಾರ ಖರ್ಚು ಎಂಬುದನ್ನು ಹೇಳದೆ ಯಾವ ಊರು ಅಗ್ಗ ಎಂದು ಹೇಳಲಾಗದು ಎಂಬುದನ್ನು ಅವರು ಮೌನವಾಗಿಯೇ ಒಪ್ಪಿದಂತಾಯಿತು.

ಲೆಕ್ಕಿಗ: ಊಟದಲ್ಲಿ ಹಣ ಹೋಗುವುದು ತಿನ್ನುವುದಕ್ಕಿಂತ ಕೂರುವುದಕ್ಕೆ. ಇಟಲಿಯ ಕಾಫಿ ಅಂಗಡಿಗಳಲ್ಲಿ ಕಟ್ಟೆಯ ಮುಂದೆ ನಿಂತು ಕುಡಿದರೆ ಒಂದು ಬೆಲೆ, ಮೇಜಿಗೆ ತರಿಸಿಕೊಂಡರೆ ಇನ್ನೊಂದು. ಒಳಗಲ್ಲಿಯೊಂದರ ಅಂಗಡಿಯಲ್ಲಿ ನಿಂತು ಒಂದೂವರೆ ಯೂರೋಗೆ ಮುಗಿಯುವ ಎಸ್ಪ್ರೆಸೊ, ಸಾನ್ ಮಾರ್ಕೊ ಚೌಕದಲ್ಲಿ 1720ರಿಂದ ನಡೆಯುತ್ತಿರುವ ಫ್ಲೋರಿಯಾನ್‌ನಂಥ ಕಡೆ ಮೇಜಿಗೆ ಬಂದಾಗ ಅದರ ಹಲವು ಪಟ್ಟಾಗುತ್ತದೆ, ವಾದ್ಯಗೋಷ್ಠಿ ನುಡಿಸುತ್ತಿದ್ದರೆ ಸಂಗೀತಕ್ಕೆಂದು ಬೇರೆ ಹಣ ಬಿಲ್ಲಿನಲ್ಲಿ ಸೇರಿರುತ್ತದೆ. ಊಟದ ಹೋಟೆಲಿನಲ್ಲಿ ಕೊಪೆರ್ತೊ ಎಂಬ ಆಸನ ಶುಲ್ಕವಿದೆ, ಬ್ರೆಡ್ಡು ಮುಟ್ಟದಿದ್ದರೂ ತಲೆಗೆ ಎರಡು ಮೂರು ಯೂರೋ. ಇದಕ್ಕೆ ವೆನಿಸ್ಸಿನವರದೇ ಪರಿಹಾರವಿದೆ: ಬಾಕಾರೊ ಎಂಬ ಸಣ್ಣ ಅಂಗಡಿಗಳಲ್ಲಿ ನಿಂತುಕೊಂಡೇ ಚಿಕೆತ್ತಿ ಎಂಬ ತುಣುಕು ತಿಂಡಿಗಳನ್ನು ತಿನ್ನುವುದು. ಸಸ್ಯಾಹಾರಿಗೆ ಅಲ್ಲಿ ಆಯ್ಕೆ ಕಡಿಮೆ, ಆದರೆ ಅಡಿಗೆಮನೆಯಿರುವ ಕೋಣೆ ಹಿಡಿದ ಸಸ್ಯಾಹಾರಿಯ ಖರ್ಚು ಉಳಿದವರಿಗಿಂತ ತಾನಾಗಿಯೇ ಇಳಿಯುತ್ತದೆ. ರಿಯಾಲ್ತೊ ಸಂತೆಯಲ್ಲಿ ಸಾಂತ್ ಎರಾಸ್ಮೊ ದ್ವೀಪದ ತರಕಾರಿ ಬೆಳಿಗ್ಗೆಯೇ ಸಿಗುತ್ತದೆ, ಮೆಸ್ತ್ರೆ ನಿಲ್ದಾಣದ ಸುತ್ತಲಿನ ಬಾಂಗ್ಲಾದೇಶೀಯರ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಹಸಿಮೆಣಸು. ಪಕ್ಕದ ಮಾರ್ಗೆರಾದ ಹಡಗುಕಟ್ಟೆಯ ಕೆಲಸಕ್ಕೆ ಬಂದು ನೆಲೆಸಿದ ಸಮುದಾಯ ಅದು. ಅನ್ನ ತಿನ್ನುವವರ ಪಾಲಿಗೆ ವೆನಿಸ್ಸಿನ ನಿಜವಾದ ಎರಡನೆಯ ಬೆಲೆಪಟ್ಟಿ ಅಲ್ಲಿ ಬರೆದಿದೆ. ನೀರಿಗೆ ದುಡ್ಡು ಕೊಡಬೇಕಾಗಿಯೇ ಇಲ್ಲ, ನೂರಕ್ಕೂ ಹೆಚ್ಚು ಸಾರ್ವಜನಿಕ ನಲ್ಲಿಗಳಲ್ಲಿ ಕುಡಿಯುವ ನೀರು ಹರಿಯುತ್ತಿರುತ್ತದೆ, ಅದನ್ನು ಇಟಲಿಯವರು ಮೇಯರರ ನೀರು ಎಂದು ತಮಾಷೆ ಮಾಡುತ್ತಾರೆ.

ಆಕ್ಷೇಪಕ: ಈ ಖರ್ಚನ್ನೆಲ್ಲ ಭಾರತದ ಕಾರ್ಡಿನಿಂದ ಮಾಡುವಾಗ ಅದಕ್ಕೂ ಒಂದು ಖರ್ಚಿರಬೇಕು.

ಲೆಕ್ಕಿಗ: ವಿದೇಶಿ ವಿನಿಮಯದ ಮೇಲೆ ಬ್ಯಾಂಕು ನೂರಕ್ಕೆ ಮೂರೂವರೆ ತೆಗೆದುಕೊಂಡು, ಅದರ ಮೇಲೆ ಶೇ 18 ಜಿಎಸ್‌ಟಿ ಹಾಕಿದರೆ, 4,000 ಯೂರೋ ಖರ್ಚಿಗೆ 165 ಯೂರೋ ಕಾಣದಂತೆ ಸೋರಿಹೋಗುತ್ತದೆ. ಅಂಗಡಿಯ ಯಂತ್ರ ರೂಪಾಯಿಯಲ್ಲಿ ಕೊಡುತ್ತೀರಾ, ಯೂರೋದಲ್ಲಿ ಕೊಡುತ್ತೀರಾ ಎಂದು ಕೇಳಿದಾಗ ಯೂರೋ ಎಂದೇ ಒತ್ತಬೇಕು. ರೂಪಾಯಿ ಎಂದವರಿಗೆ ಅಂಗಡಿಯ ಬ್ಯಾಂಕು ತನ್ನದೇ ದುಬಾರಿ ದರವನ್ನು ಹಾಕುತ್ತದೆ. ಇದಕ್ಕಿಂತ ಹೆಚ್ಚು ಹೇಳಬೇಕಾದ್ದಿಲ್ಲ.

ಆಕ್ಷೇಪಕ: ಹೇಳಬೇಕಾದ್ದು ಇನ್ನೊಂದಿದೆ. ಕೋಷ್ಟಕದಲ್ಲಿ ಎಲ್ಲ ಸಾಲುಗಳೂ ಅರವತ್ತನೆಯ ದಿನಕ್ಕೆ ಅಚ್ಚುಕಟ್ಟಾಗಿ ಮುಗಿಯುತ್ತವೆ. ಮನುಷ್ಯರ ಕೆಲಸ ಹಾಗೆ ಮುಗಿಯುವುದು ಅಪರೂಪ.

ಲೆಕ್ಕಿಗ: ಇದಕ್ಕೆ ವೆನಿಸ್ಸಿಗೂ ಕರ್ನಾಟಕಕ್ಕೂ ಸಲ್ಲುವ ಹಳೆಯ ಸಾಕ್ಷಿಯೊಬ್ಬರಿದ್ದಾರೆ. 1563ರಲ್ಲಿ ವೆನಿಸ್ಸಿನಿಂದ ಹೊರಟ ಚೇಸರೆ ಫೆದೆರೀಚಿ ಎಂಬ ವ್ಯಾಪಾರಿ, ತಾಳಿಕೋಟೆಯ ಯುದ್ಧವಾಗಿ ಎರಡು ವರ್ಷ ಕಳೆದ ಮೇಲೆ, 1567ರಲ್ಲಿ ಗೋವೆಯ ಕಡೆಯಿಂದ ವಿಜಯನಗರಕ್ಕೆ ಬಂದರು. ಒಂದು ತಿಂಗಳಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ಅವರು ಏಳು ತಿಂಗಳು ಅಲ್ಲಿ ನಿಲ್ಲಬೇಕಾಯಿತು, ಏಕೆಂದರೆ ದಾರಿಗಳಲ್ಲಿ ಕಳ್ಳರ ಕಾಟ ತಗ್ಗುವವರೆಗೆ ಹೊರಡುವಂತಿರಲಿಲ್ಲ. 1587ರಲ್ಲಿ ವೆನಿಸ್ಸಿನಲ್ಲಿಯೇ ಅಚ್ಚಾದ ಅವರ ಪ್ರವಾಸಕಥನದಲ್ಲಿ ಇದು ದಾಖಲಾಗಿದೆ. ಒಂದು ತಿಂಗಳ ಬಜೆಟ್ಟು ಏಳು ತಿಂಗಳಾದದ್ದು ಅವರ ದುಂದಿನಿಂದಲ್ಲ. ಈಗ ಕಳ್ಳರ ಬದಲು ರೈಲು ಮುಷ್ಕರವೋ, ಕಾಯಿಲೆಯೋ, ಕೇಳಿದ ಕಡತ ದುರಸ್ತಿಗೆ ಹೋಗಿರುವುದೋ ಇರುತ್ತದೆ. ಒಂಟಿಯಾಗಿರುವವರಿಗೆ ಕೈಗಡ ಕೊಡುವವರು ಪಕ್ಕದಲ್ಲಿ ಇಲ್ಲದ ಕಾರಣ ಅವರ ಮೀಸಲು ನಿಧಿ ಇಬ್ಬರದಕ್ಕಿಂತ ದೊಡ್ಡದಿರಬೇಕು. ಒಂದು ತಿಂಗಳ ಬಾಡಿಗೆ ಮತ್ತು ಕೊನೆಯ ಗಳಿಗೆಯ ವಿಮಾನ ಟಿಕೆಟ್ಟು, ಇಷ್ಟನ್ನು ಮುಟ್ಟದೆ ಇಡಬೇಕು. ಇಟಲಿಗೆ ಬೇಕಾದ ಷೆಂಗೆನ್ ವೀಸಾ 180 ದಿನಗಳಲ್ಲಿ 90 ದಿನವನ್ನು ಮೀರಲು ಬಿಡುವುದಿಲ್ಲವಾದ್ದರಿಂದ ಫೆದೆರೀಚಿಯಂತೆ ಏಳು ತಿಂಗಳು ನಿಲ್ಲುವ ಭಯವಂತೂ ಇಲ್ಲ.

ಆಕ್ಷೇಪಕ: ಲೆಕ್ಕ ಒಪ್ಪಿಗೆಯಾಯಿತು, ಆದರೆ ಅದರ ಮೂಲದಲ್ಲಿಯೇ ಒಂದು ತೊಡಕಿದೆ. ದೀರ್ಘವಾಸಿಗಳು ಊರವರ ಬೆಲೆಪಟ್ಟಿಗೆ ದಾಟಿಕೊಳ್ಳಬೇಕೆಂದರೆ ಊರವರ ಮನೆಗೇ ಬಂದು ಸೇರಬೇಕು. 1951ರಲ್ಲಿ ಒಂದೂಮುಕ್ಕಾಲು ಲಕ್ಷ ಜನರಿದ್ದ ಹಳೆಯ ವೆನಿಸ್ಸಿನಲ್ಲಿ 2022ರ ಹೊತ್ತಿಗೆ 50,000ಕ್ಕಿಂತ ಕಡಿಮೆ ಜನ ಉಳಿದಿದ್ದರು. 2008ರಿಂದ ಸಾನ್ ಬಾರ್ತೊಲೊಮೆಯೊ ಚೌಕದ ಔಷಧಿ ಅಂಗಡಿಯ ಕಿಟಕಿಯಲ್ಲಿ ಆ ಇಳಿಯುವ ಸಂಖ್ಯೆಯನ್ನು ತೋರಿಸುವ ಫಲಕವೇ ಇದೆ. ವಸತಿಯ ಮೇಲೆ ಕಣ್ಣಿಟ್ಟಿರುವ ಓಚೊ ಎಂಬ ನಾಗರಿಕ ಗುಂಪಿನ ಎಣಿಕೆಯಂತೆ 2023ರಲ್ಲಿ ಪ್ರವಾಸಿಗಳ ಹಾಸಿಗೆಗಳ ಸಂಖ್ಯೆ ನಿವಾಸಿಗಳ ಸಂಖ್ಯೆಯನ್ನು ದಾಟಿತು. ಎರಡು ತಿಂಗಳಿಗೆ ಸಿಗುವ ಆ ಅಗ್ಗದ ಮನೆ ಯಾರದೋ ನಾಲ್ಕು ವರ್ಷದ ಬಾಡಿಗೆ ಮನೆಯಾಗಬಹುದಿತ್ತು.

ಲೆಕ್ಕಿಗ: ದಿನಬಾಡಿಗೆಯ ಮನೆಗಿಂತ ನೋಂದಾಯಿತ ಕರಾರಿನ ಮನೆ ಹಾನಿಯಲ್ಲಿ ಕಡಿಮೆ ಎಂದು ವಾದಿಸಬಹುದು, ಆದರೂ ಹಾನಿಯೇ ಇಲ್ಲವೆಂದು ಸಾಧಿಸಲಾಗದು.

ಆಕ್ಷೇಪಕ: ಎಂದೂ ಯಾರ ಮನೆಯೂ ಆಗಿರದ ಹಾಸಿಗೆಗಳೂ ಅಲ್ಲಿವೆಯಲ್ಲ. ಸಾನ್ ಜೋರ್ಜೊ ದ್ವೀಪದ ಚೀನಿ ಪ್ರತಿಷ್ಠಾನದಲ್ಲಿ ವಿದ್ವಾಂಸರಿಗೆಂದೇ ವಸತಿಯಿದೆ, ಕ್ರೈಸ್ತ ಸಂಘಗಳ ಅತಿಥಿಗೃಹಗಳಿವೆ. ತಿಂಗಳ ಕರಾರಿಗೆ ಹೋಲಿಸಿದರೆ ಅವು ಸ್ವಲ್ಪ ಹೆಚ್ಚೇ ಬೀಳಬಹುದು. ಆ ವ್ಯತ್ಯಾಸದ ಹಣವನ್ನು ಕೋಷ್ಟಕದಲ್ಲಿ ಯಾವ ಬಾಬತ್ತಿನಡಿ ಬರೆಯುವುದು?

ಲೆಕ್ಕಿಗ: ಬಾಡಿಗೆಯ ಬಾಬತ್ತಿನಡಿಯಲ್ಲಿಯೇ. ದಾನವೆಂದು ಬೇರೆ ಸಾಲು ಹಾಕಿದರೆ, ಮೂರನೆಯ ವಾರದಲ್ಲಿ ಹಣ ಬಿಗಿಯಾದಾಗ ಮೊದಲು ಹೊಡೆದುಹಾಕುವುದು ಆ ಸಾಲನ್ನೇ.